ಚಕ್ರ ಅಲುಗಿದರೆ ಏನರ್ಥ? - ಬೇರಿಂಗು ನಡೆದು ಬಂದ ದಾರಿ

ಪಿಕಪ್ ವಾಹನದ ಹಿಂಚಕ್ರವನ್ನು ಜ್ಯಾಕಿನಿಂದ ಎತ್ತಿ, ಮೆಕ್ಯಾನಿಕ್ ಅದನ್ನು ಎರಡೂ ಕೈಗಳಿಂದ ಹಿಡಿದು ಅಲುಗಿಸುವುದನ್ನು ನೀವು ನೋಡಿರಬಹುದು. ಚಕ್ರ ಅಲುಗಿದರೆ ಆತ "ಪ್ಲೇ ಇದೆ" ಎನ್ನುತ್ತಾನೆ. ಈ ಸಡಿಲಿಕೆ ಬಂದದ್ದು ಎಲ್ಲಿಂದ? ಎಷ್ಟಿದ್ದರೆ ಸರಿ, ಎಷ್ಟಾದರೆ ಅಪಾಯ? ಇದಕ್ಕೆ ಲೆಕ್ಕಾಚಾರದ ಉತ್ತರ ದೊರೆಯಲು ಸುಮಾರು ನೂರೈವತ್ತು ವರ್ಷಗಳು ಬೇಕಾದವು.

ಎತ್ತಿನ ಗಾಡಿಯಲ್ಲಿ ಚಕ್ರದ ಗುಂಬವು ಅಚ್ಚಿನ ಮೇಲೆ ಉಜ್ಜಿಕೊಂಡೇ ತಿರುಗುತ್ತದೆ. ಸವೆತವನ್ನು ತಗ್ಗಿಸಲು ಇರುವುದು ಕೀಲೆಣ್ಣೆ ಮಾತ್ರ. ಉಜ್ಜುವ ಬದಲು ಉರುಳಿದರೆ ಘರ್ಷಣೆ ಬಹಳ ಕಡಿಮೆಯಾಗುತ್ತದೆ. ವೇಲ್ಸ್‌ನ ಕಾರ್ಮಾರ್ಥನ್ ಊರಿನ ಫಿಲಿಪ್ ವಾನ್ 1794ರಲ್ಲಿ, ಗಾಡಿಯ ಅಚ್ಚಿನ ಸುತ್ತ ತೋಡಿನಲ್ಲಿ ಗುಂಡುಗಳನ್ನು ಕೂರಿಸುವ ವಿನ್ಯಾಸಕ್ಕೆ ಪೇಟೆಂಟ್ ಪಡೆದ. 1869ರಲ್ಲಿ ಪ್ಯಾರಿಸ್‌ನ ಜೂಲ್ ಸುರಿರೆ ಸೈಕಲ್ಲಿನ ಬಾಲ್ ಬೇರಿಂಗಿಗೆ ಪೇಟೆಂಟ್ ಪಡೆದ. ಅದೇ ವರ್ಷ ನಡೆದ ಪ್ಯಾರಿಸ್-ರೂವಾನ್ ಪಂದ್ಯದಲ್ಲಿ ಗೆದ್ದ ಜೇಮ್ಸ್ ಮೂರ್‌ನ ಸೈಕಲ್ಲಿನಲ್ಲಿ ಇಂತಹ ಬೇರಿಂಗುಗಳಿದ್ದವು.

ಆದರೆ ಗುಂಡುಗಳೆಲ್ಲ ಒಂದೇ ಗಾತ್ರದವಾಗಿರಬೇಕಷ್ಟೆ. ಒಂದು ಗುಂಡು ಕೂದಲೆಳೆಯಷ್ಟು ದಪ್ಪವಿದ್ದರೂ ಭಾರವೆಲ್ಲ ಅದರ ಮೇಲೆ ಬಿದ್ದು ಅದು ಒಡೆಯುತ್ತದೆ. ಜರ್ಮನಿಯ ಶ್ವೈನ್‌ಫರ್ಟ್‌ನಲ್ಲಿ ಫ್ರೀಡ್ರಿಕ್ ಫಿಷರ್ 1883ರಲ್ಲಿ ರೂಪಿಸಿದ ಯಂತ್ರ, ಉಕ್ಕಿನ ಗುಂಡುಗಳನ್ನು ಸಮಗಾತ್ರಕ್ಕೆ ಅರೆದು ಈ ತೊಡಕನ್ನು ನಿವಾರಿಸಿತು.

ಇನ್ನೊಂದು ಸಮಸ್ಯೆ ಉಳಿದಿತ್ತು. ವಾಹನ ತಿರುವಿನಲ್ಲಿ ಸಾಗುವಾಗ ಚಕ್ರದ ಮೇಲೆ ಮೇಲಿನಿಂದ ಬೀಳುವ ಭಾರದ ಜೊತೆಗೆ ಪಕ್ಕದಿಂದಲೂ ಬಲ ಬೀಳುತ್ತದೆ. ಸೇಂಟ್ ಲೂಯಿಸ್‌ನಲ್ಲಿ ಕುದುರೆಗಾಡಿಗಳನ್ನು ತಯಾರಿಸುತ್ತಿದ್ದ ಹೆನ್ರಿ ಟಿಮ್ಕೆನ್, ಉರುಳೆಗಳನ್ನು ಶಂಕುವಿನಂತೆ ಮೊನಚಾಗಿಸಿ 1898ರಲ್ಲಿ ಪೇಟೆಂಟ್ ಪಡೆದ. ಓರೆಯಾಗಿ ಕುಳಿತ ಈ ಉರುಳೆಗಳು ಎರಡೂ ಬಲಗಳನ್ನು ಹೊರಬಲ್ಲವು. ಸವೆದಾಗ ನಟ್ಟನ್ನು ಬಿಗಿಗೊಳಿಸಿ ಸಡಿಲಿಕೆಯನ್ನು ಸರಿಪಡಿಸಲೂ ಬರುತ್ತದೆ.

ಪಿಕಪ್ಪಿನ ಕಥೆಗೆ ಬರೋಣ. ಫೋರ್ಡ್ ಕಂಪನಿ 1925ರಲ್ಲಿ ಮಾಡೆಲ್ ಟಿ ವಾಹನಕ್ಕೆ ಕಾರ್ಖಾನೆಯಲ್ಲೇ ಸಾಮಾನು ತೊಟ್ಟಿ ಕೂರಿಸಿ 281 ಡಾಲರಿಗೆ ಮಾರಿತು. ಅದರ ಹಿಂದಿನ ಆಕ್ಸಲ್ಲಿನಲ್ಲಿ ಪಕ್ಕದ ಒತ್ತಡವನ್ನು ತಡೆಯುತ್ತಿದ್ದುದು ಬ್ಯಾಬಿಟ್ ಎಂಬ ಮೃದು ಮಿಶ್ರಲೋಹದ ವಾಷರುಗಳು. ಕಾಲಾಂತರದಲ್ಲಿ ಅವು ಪುಡಿಯಾಗುತ್ತಿದ್ದವು. ಆಗ ದೊಡ್ಡ ಗೇರುಚಕ್ರ ಪಕ್ಕಕ್ಕೆ ಸರಿದು, ಅದನ್ನು ತಿರುಗಿಸುವ ಚಿಕ್ಕ ಗೇರಿನ ಹಲ್ಲುಗಳಿಂದ ಬಿಟ್ಟುಕೊಳ್ಳುತ್ತಿತ್ತು. ಇದರಿಂದ ವಾಹನ ನಿಂತುಹೋಗುವುದಷ್ಟೇ ಅಲ್ಲ. ಮಾಡೆಲ್ ಟಿಯ ಕಾಲು ಬ್ರೇಕು ಚಕ್ರವನ್ನು ನೇರವಾಗಿ ಹಿಡಿಯದೆ ಗೇರುಪೆಟ್ಟಿಗೆಯೊಳಗಿನ ಡ್ರಮ್ಮನ್ನು ಹಿಡಿಯುತ್ತಿತ್ತು. ಹಲ್ಲುಗಳ ಸಂಪರ್ಕ ತಪ್ಪಿದರೆ ಇಳಿಜಾರಿನಲ್ಲಿ ಆ ಬ್ರೇಕೂ ಇಲ್ಲ! ಕಣ್ಣಿಗೆ ಕಾಣದ ವಾಷರಿನ ಸವೆತ ಪ್ರಾಣಕ್ಕೇ ಎರವಾಗಬಹುದಿತ್ತು.

1927ರ ಕೊನೆಯಲ್ಲಿ ಬಂದ ಮಾಡೆಲ್ ಎ ವಾಹನದಲ್ಲಿ ನಾಲ್ಕೂ ಚಕ್ರಗಳಿಗೆ ಬ್ರೇಕು ಬಂತು. ಚಕ್ರದ ಭಾರವನ್ನು ತಿರುಗುವ ದಂಡದ ಬದಲು ಆಕ್ಸಲ್ಲಿನ ಹೊರಕೊಳವೆ ಹೊತ್ತಿತು. ಆದರೆ ಉರುಳೆಗಳು ಆ ಕೊಳವೆಯ ತುದಿಯ ಮೇಲೆಯೇ ನೇರವಾಗಿ ಉರುಳುತ್ತಿದ್ದವು. ಹೀಗಾಗಿ ಕೊಳವೆಯೇ ಸವೆದರೆ ಹೊಸ ಬೇರಿಂಗು ಹಾಕಿದರೂ ಚಕ್ರದ ಅಲುಗಾಟ ನಿಲ್ಲುತ್ತಿರಲಿಲ್ಲ.

ಈ ಇತಿಹಾಸ ತಿಳಿದರೆ ಇಂದಿನ ಪಿಕಪ್ಪನ್ನು ಪರೀಕ್ಷಿಸುವ ಕ್ರಮ ಸುಲಭವಾಗಿ ಅರ್ಥವಾಗುತ್ತದೆ. ಮೊದಲು ಮುಂಚಕ್ರಗಳಿಗೆ ಅಡ್ಡಗಟ್ಟೆ ಕೊಡಬೇಕು. ವಾಹನವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಜ್ಯಾಕನ್ನೇ ನಂಬಿ ಕೆಲಸ ಮಾಡಬಾರದು. ಈಗ ಮೂರು ಬಗೆಯ ಸಡಿಲಿಕೆಯನ್ನು ಬೇರೆಬೇರೆಯಾಗಿ ನೋಡಿ.

ಒಂದು, ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಓಲಾಡಿಸಿ. ಬ್ರೇಕಿನ ಹಿಂತಟ್ಟೆ ಸ್ಥಿರವಾಗಿದ್ದು ಚಕ್ರ ಮಾತ್ರ ಓಲಾಡಿದರೆ ಬೇರಿಂಗು ಅಥವಾ ಅದು ಕೂರುವ ಜಾಗ ಸವೆದಿರಬೇಕು. ಚಕ್ರದ ನಟ್ಟುಗಳು ಬಿಗಿಯಾಗಿವೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ತಟ್ಟೆಯೂ ಚಕ್ರದೊಡನೆ ಅಲುಗಿದರೆ ದೋಷ ಬೇರಿಂಗಿನದಲ್ಲ. ಸ್ಪ್ರಿಂಗಿನ ಬುಷ್ ಅಥವಾ ಯು-ಬೋಲ್ಟನ್ನು ನೋಡಬೇಕು. ಎರಡು, ಚಕ್ರವನ್ನು ಒಳಕ್ಕೂ ಹೊರಕ್ಕೂ ಎಳೆದು ನೋಡಿ. ಕೆಲವು ಆಕ್ಸಲ್ಲುಗಳಲ್ಲಿ ಇಂತಹ ಅಲ್ಪ ಚಲನೆ ವಿನ್ಯಾಸದಲ್ಲೇ ಇರುತ್ತದೆ. ಡಯಲ್ ಗೇಜಿನಿಂದ ಅಳೆದು ತಯಾರಕರ ಕೈಪಿಡಿಯ ಮಿತಿಯೊಡನೆ ಹೋಲಿಸಬೇಕು. ಮೂರು, ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ತುಸು ತಿರುಗಿಸಿ. ಇಲ್ಲಿ ಕಾಣುವುದು ಮುಖ್ಯವಾಗಿ ಗೇರು ಹಲ್ಲುಗಳ ನಡುವಿನ ತೆರಪು. ಅದಕ್ಕಾಗಿ ಚಕ್ರದ ಬೇರಿಂಗನ್ನು ಬದಲಿಸಿದರೆ ಹಣ ವ್ಯರ್ಥ.

ಹಾಗಾದರೆ ಬೇರಿಂಗನ್ನು ಬಿಗಿದುಬಿಟ್ಟರೆ ಆಯಿತಲ್ಲ? ಇಲ್ಲ. ಓಡುವಾಗ ಲೋಹ ಬಿಸಿಯಾಗಿ ಹಿಗ್ಗುತ್ತದೆ. ಅತಿಯಾಗಿ ಬಿಗಿದ ಬೇರಿಂಗಿನಲ್ಲಿ ಹಿಗ್ಗಲು ಜಾಗವಿಲ್ಲದೆ ಗ್ರೀಸು ಕೆಡುತ್ತದೆ, ಉರುಳೆಗಳು ಸುಟ್ಟುಹೋಗುತ್ತವೆ.

ಹೊರೆಯ ಮಾತೂ ಮುಖ್ಯ. ಗುಂಡು ತಾಗುವ ಜಾಗದಲ್ಲಿ ಒತ್ತಡ ಎಷ್ಟೆಂಬ ಲೆಕ್ಕವನ್ನು ಹೈನ್‌ರಿಕ್ ಹರ್ಟ್ಜ್ 1880ರ ದಶಕದ ಆರಂಭದಲ್ಲೇ ಕೊಟ್ಟಿದ್ದ. 1947ರಲ್ಲಿ ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಲ್ಮ್‌ಗ್ರೆನ್ ಬೇರಿಂಗಿನ ಆಯುಷ್ಯದ ಸಿದ್ಧಾಂತವನ್ನು ಪ್ರಕಟಿಸಿದರು. ಬಾಲ್ ಬೇರಿಂಗಿನ ಆಯುಷ್ಯವು ಹೊರೆಯ ಘನಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಅಂದರೆ ಬೇರಿಂಗಿನ ಮೇಲಿನ ಹೊರೆ ಎರಡರಷ್ಟಾದರೆ ಆಯುಷ್ಯ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಉರುಳೆ ಬೇರಿಂಗಿನಲ್ಲಿ ಇದು ಸುಮಾರು ಹತ್ತನೆಯ ಒಂದು ಭಾಗ. ಮಿತಿಮೀರಿ ತುಂಬಿದ ಪಿಕಪ್ಪಿನ ಹಿಂಚಕ್ರ ಬೇಗ ಸಡಿಲವಾಗುವುದೇಕೆಂದು ಈಗ ನೀವೇ ಹೇಳಬಲ್ಲಿರಿ.

ಶಿಕ್ಷಕರು ತರಗತಿಯಲ್ಲಿ ಇದನ್ನು ಸೈಕಲ್ಲಿನಿಂದಲೇ ತೋರಿಸಬಹುದು. ಮುಂಚಕ್ರದ ಕೋನನ್ನು ತುಸು ಸಡಿಲಿಸಿ ಚಕ್ರವನ್ನು ಪಕ್ಕಕ್ಕೆ ಅಲುಗಿಸಿ, ಟಕಟಕ ಎನ್ನುತ್ತದೆ. ಪೂರ್ತಿ ಬಿಗಿದು ತಿರುಗಿಸಿ. ಒರಟಾಗಿ ತಿರುಗಿ ಬೇಗ ನಿಲ್ಲುತ್ತದೆ. ಎರಡರ ನಡುವೆ, ಅಲುಗದೆ ಸರಾಗವಾಗಿ ತಿರುಗುವ ಬಿಗಿತವನ್ನು ವಿದ್ಯಾರ್ಥಿಗಳೇ ಕೈಯಾರೆ ಹುಡುಕಲಿ.