ಹೊಗೆ ಕೊಳವೆಯ ಟೋಪಿ

ಈ ಸಲ ಮಳೆಗಾಲಕ್ಕೆ ಮುಂಚೆ ನಮ್ಮ ಬಚ್ಚಲೊಲೆಯ ಹೊಗೆ ಕೊಳವೆಗೆ ಹೊಸ ಟೋಪಿ ಹಾಕಿಸಿದೆ. ತಗಡಿನ ಕೆಲಸದವನು, "ಸ್ನಾನದ ನೀರು ಕಾಯಿಸೋ ಒಲೆಗೆ ಇಷ್ಟೆಲ್ಲ ಅಳತೆ ಯಾಕೆ ಟೀಚರಮ್ಮ? ಒಂದು ತಗಡು ಬಗ್ಗಿಸಿ ಮುಚ್ಚಿದ್ರೆ ಆಯ್ತಲ್ಲ" ಎಂದ. ಮುಚ್ಚುವುದು ಬೇರೆ, ಟೋಪಿ ಹಾಕುವುದು ಬೇರೆ ಎಂದೆ. ಅದು ನನ್ನ ಮಾತಲ್ಲ, ನಮ್ಮಮ್ಮನದು.

ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಕೈಗಾರಿಕಾ ಕ್ರಾಂತಿಯ ಪಾಠ ಬಂದಾಗ ಬೋರ್ಡಿನ ಮೇಲೆ ಮ್ಯಾಂಚೆಸ್ಟರಿನ ಗಿರಣಿಗಳ ಚಿಮಣಿ ಬರೆಯುತ್ತೇನೆ. ನಮ್ಮ ಅಡುಗೆಮನೆಗೆ ಚಿಮಣಿ ಬಂದ ಕಥೆಯನ್ನು ಮಾತ್ರ ಯಾವ ಪಠ್ಯಪುಸ್ತಕದಲ್ಲೂ ನಾನು ಕಂಡಿಲ್ಲ. ಆ ಕಥೆಯ ಒಂದು ತುಣುಕು ನಮ್ಮ ಮನೆಯಲ್ಲೇ ನಡೆಯಿತು.

ಸಾಗರದ ಕಡೆಯ ಹಳ್ಳಿ ನಮ್ಮದು, ಹೆಂಚಿನ ಮನೆ. ಹೊಗೆ ಹೆಂಚಿನ ಸಂದಿಯಿಂದ ತಾನೇ ದಾರಿ ಹುಡುಕಿಕೊಂಡು ಹೋಗಬೇಕಿತ್ತು. ಅದರಿಂದ ಉಪಯೋಗವೂ ಇತ್ತು ಅನ್ನಿ. ಅಟ್ಟದ ಮೇಲಿನ ಕಾಯಿಗೆ, ತೊಲೆಗೆ ಹುಳ ಹಿಡಿಯುತ್ತಿರಲಿಲ್ಲ. ಆದರೆ ಮಳೆಗಾಲದ ಹಸಿ ಸೌದೆಯ ಮುಂದೆ ಊದುಗೊಳವೆ ಹಿಡಿದು ಕೂತ ಅಮ್ಮನ ಕಣ್ಣು ಬೆಳಗಿನಿಂದ ರಾತ್ರಿವರೆಗೆ ಕೆಂಪಗೇ ಇರುತ್ತಿತ್ತು.

ಈ ಹೊಗೆಯ ಬಗ್ಗೆ ಯಾರೂ ಯೋಚಿಸಿರಲಿಲ್ಲ ಎಂದಲ್ಲ. ವಾರ್ಧಾದ ಮಗನವಾಡಿಯಲ್ಲಿ ಗ್ರಾಮೋದ್ಯೋಗದವರು ಮಗನ್ ಚೂಲಾ ಎಂಬ ಹೊಗೆಯಿಲ್ಲದ ಒಲೆ ಮಾಡಿದ್ದರು. ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು 1953ರಲ್ಲಿ ಇಂಥ ಅಡುಗೆಮನೆಗಳ ಬಗ್ಗೆಯೇ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ವಿಭಾಗ ಆರಂಭಿಸಿದರು. ಕುಣಿಗಲ್ ತಾಲೂಕಿನ ಉಂಗ್ರ ಅವರ ಪ್ರಯೋಗದ ಊರು. ಅಲ್ಲಿಂದ ಬಂದದ್ದು ಮೂರು ಪಾತ್ರೆ ಕೂರುವ ಅಸ್ತ್ರ ಒಲೆ. ನಿಮ್ಮಲ್ಲಿ ಅನೇಕರ ತಾಯಂದಿರ ಮನೆಯಲ್ಲೂ ಅದು ಇದ್ದಿರಬಹುದು. 1983ರಲ್ಲಿ ಕೇಂದ್ರ ಸರ್ಕಾರವೇ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು.

ನಮ್ಮ ಮನೆಗೆ ಒಲೆ ಬಂದದ್ದು 1986ರ ಬೇಸಿಗೆಯಲ್ಲಿ. ನಾನಾಗ ಹೈಸ್ಕೂಲು ಮುಗಿಸಿದ್ದೆ. ಮಣ್ಣು ಕಲಸಿ, ಅಚ್ಚಿಟ್ಟು, ಒಂದೇ ದಿನದಲ್ಲಿ ಕಟ್ಟಿದರು. ಹೆಂಚು ಬಿಚ್ಚಿ ಸಿಮೆಂಟ್ ಶೀಟಿನಂಥ ನಾಲ್ಕಂಗುಲದ ಕೊಳವೆ ಏರಿಸಿದರು. ಅದು ಆಸ್ಬೆಸ್ಟಾಸ್, ಅದರ ದೂಳು ಕ್ಯಾನ್ಸರ್ ತರುತ್ತದೆ ಎಂದು ನಮಗಾಗ ಯಾರೂ ಹೇಳಲಿಲ್ಲ, ಗರಗಸದಲ್ಲಿ ಕೊಯ್ಯುವಾಗ ನಾವು ಮಕ್ಕಳು ಪಕ್ಕದಲ್ಲೇ ನಿಂತು ನೋಡಿದೆವು. ಮೊದಲ ದಿನ ಬೆಂಕಿ ಹೊತ್ತಿಸಿದಾಗ ಹೊಗೆಯೆಲ್ಲ ಕೊಳವೆಗೆ ನುಗ್ಗಿತು. ಅಮ್ಮ ಅಂಗಳಕ್ಕೆ ಓಡಿ ಹೋಗಿ ತಲೆಯೆತ್ತಿ ನೋಡಿದಳು. "ಮೇಲೆ ಬಾಯಿ ತೆರೆದೇ ಇದೆಯಲ್ಲ ಮಾರಾಯ್ರೆ?" ಎಂದಳು. "ಟೋಪಿ ಆಮೇಲೆ ಬರುತ್ತದೆ" ಎಂದರು ಕಟ್ಟಿದವರು.

ಟೋಪಿ ಬರಲಿಲ್ಲ. ಜೂನ್ ಬಂತು. ಮಲೆನಾಡಿನ ಮಳೆ ಎಂಥದೆಂದು ಹೇಳಬೇಕಿಲ್ಲ. ನೀರು ಕೊಳವೆಯಲ್ಲಿಳಿದು, ಒಳಗಿನ ಮಸಿ ಕರಗಿ, ಕಪ್ಪು ಕಷಾಯ ಒಲೆಯ ಹೊಟ್ಟೆಗೆ ಬಂತು. ಮಣ್ಣು ನೆನೆದು ಹಿಂಬದಿ ಕುಸಿಯಿತು. ಬಿಸಿಗಾಳಿ ಹಗುರವಾಗಿ ಮೇಲೇರುವುದರಿಂದಲೇ ಚಿಮಣಿ ಹೊಗೆ ಎಳೆಯುವುದು. ಕೊಳವೆ ಒದ್ದೆಯಾಗಿ ತಣ್ಣಗಾದರೆ ಆ ಎಳೆತವೇ ಸೋಲುತ್ತದೆ. ಜೊತೆಗೆ ಗಾಳಿ ಬೀಸಿದಾಗ ಹೊಗೆ ವಾಪಸು ಅಡುಗೆಮನೆಗೇ ಬರುತ್ತಿತ್ತು, ಏಕೆಂದರೆ ಕೊಳವೆ ಮಾಡಿನ ನೆತ್ತಿಗಿಂತ ಗಿಡ್ಡವಾಗಿತ್ತು.

ಅಮ್ಮ ಸುಮ್ಮನೆ ಕೂರಲಿಲ್ಲ. ಒಂದು ಹಳೇ ಮಡಕೆಯ ಹೊಟ್ಟೆಗೆ ಸುತ್ತಲೂ ನಾಲ್ಕು ಕಿಂಡಿ ಕೊರೆದು, ಅಪ್ಪಯ್ಯನನ್ನು ಮಾಡು ಹತ್ತಿಸಿ ಕವುಚಿ ಹಾಕಿಸಿದಳು. "ಮುಚ್ಚಬೇಡಿ, ಟೋಪಿ ಹಾಕಿ" ಎಂದು ಕೆಳಗಿನಿಂದ ಕೂಗುತ್ತಿದ್ದಳು. ಬಿಎಸ್ಸಿ ಓದಿದವರೂ ಇದಕ್ಕಿಂತ ಚೆನ್ನಾಗಿ ಹೇಳಲಾರರು. ಮಳೆ ನಿಂತಿತು, ಹೊಗೆ ಹೋಯಿತು. ಮಂಗ ಬಂದು ಮಡಕೆ ಕೆಡವುವವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ನಾವು ಮದುವೆಗೆಂದು ಹದಿನೈದು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಗೊರವಂಕ ಕೊಳವೆಯಲ್ಲಿ ಹುಲ್ಲು ತುಂಬಿತ್ತು.

ಒಲೆ ಎಣಿಸಲು ಬಂದವರು, "ಹೆಂಗಸರು ನೋಡಿಕೊಳ್ಳೋದಿಲ್ಲ, ಅದಕ್ಕೇ ಹಾಳಾಗುತ್ತೆ" ಎಂದರು. ಅಮ್ಮ ಹೇಳಿದ್ದು ಇಷ್ಟೇ: "ಬೂದಿ ನಾನು ತೆಗೀತೀನಿ, ಒಲೆ ನಾನು ಸಾರಿಸ್ತೀನಿ. ಮಾಡು ಹತ್ತೋದು ಯಾರು?" ಅವರು ಬರೆದುಕೊಂಡು ಹೋದರು. ಪುಸ್ತಕದಲ್ಲಿ ನಮ್ಮ ಮನೆ ಹೊಗೆಯಿಲ್ಲದ ಮನೆ. ಹೀಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳ ಲೆಕ್ಕ ಬರೆದು 2002ರಲ್ಲಿ ಆ ಕಾರ್ಯಕ್ರಮ ಮುಗಿಯಿತು. ಕಟ್ಟಿದ ಒಲೆಗಳ ಲೆಕ್ಕ ಅದು, ಉರಿಯುವ ಒಲೆಗಳದ್ದಲ್ಲ. ನಮ್ಮದನ್ನು ಅಮ್ಮ 1989ರಲ್ಲಿ ತಾನೇ ಒಡೆದು ಹಳೇ ಒಲೆ ಹೂಡಿದಳು.

ಅರವತ್ತು ದಾಟಿದ ಮೇಲೆ ಅವಳಿಗೆ ಉಸಿರಾಟದ ತೊಂದರೆ ಶುರುವಾಯಿತು. ಡಾಕ್ಟರು ಎದೆಯ ಫೋಟೋ ನೋಡಿ, "ಬೀಡಿ ಸೇದ್ತಿದ್ರಾ ಅಮ್ಮ?" ಎಂದು ಕೇಳಿದರು. ಅಮ್ಮನಿಗೆ ನಗು ಬಂತು, ನಗಲಾರದೆ ಕೆಮ್ಮಿದಳು.

ಹಾಗಾಗಿ ತಗಡಿನವನ ಹತ್ತಿರ ನಾನು ಹಟ ಹಿಡಿದೆ. ಕಬ್ಬಿಣದ ತಗಡು ಬೇಡ, ಮಸಿಯ ಹುಳಿಗೂ ಮಳೆಗೂ ಬೇಗ ತುಕ್ಕು ತಿನ್ನುತ್ತದೆ. ದುಬಾರಿಯಾದರೂ ಸ್ಟೀಲೇ ಇರಲಿ ಎಂದೆ. ಟೋಪಿಯ ಅಂಚು ಕೊಳವೆಯ ಬಾಯಿಗಿಂತ ಸುತ್ತಲೂ ಹೊರಚಾಚಬೇಕು, ಇಲ್ಲದಿದ್ದರೆ ಓರೆಮಳೆ ಒಳಬರುತ್ತದೆ. ನಾಲ್ಕಂಗುಲದ ಕೊಳವೆಗೆ ಬಾಯಿಗೂ ಟೋಪಿಗೂ ನಡುವೆ ಒಂದಂಗುಲ ಬಿಟ್ಟರೆ ಲೆಕ್ಕಕ್ಕೆ ಸರಿ, ಬಾಯಿಯಷ್ಟೇ ಜಾಗ ಸುತ್ತಲೂ ಸಿಗುತ್ತದೆ. ಆದರೆ ಮಸಿ ಕಟ್ಟುವುದರಿಂದ ನಾನು ಮೂರಂಗುಲ ಬಿಡಿಸಿದೆ. ಹಕ್ಕಿಗೆ ಜಾಲರಿ ಹಾಕಿಸಿದೆ. ಸೊಳ್ಳೆ ಪರದೆಯಂಥದಲ್ಲ, ಅದು ಒಂದೇ ತಿಂಗಳಲ್ಲಿ ಮಸಿಯಿಂದ ಮುಚ್ಚಿಹೋಗುತ್ತದೆ. ಅರ್ಧ ಅಂಗುಲಕ್ಕಿಂತ ಕಿರಿದಲ್ಲದ ಕಣ್ಣಿನದು. ಅವನು ಸಿಮೆಂಟ್ ಮೆತ್ತಲು ಹೊರಟಿದ್ದ. ಬೇಡವೇ ಬೇಡ, ಬಿಚ್ಚುವ ಹಾಗಿರಲಿ, ಕೊಳವೆ ಗುಡಿಸಬೇಕಲ್ಲ ಎಂದೆ.

ಈಗಿನದು ತಾರಸಿ ಮನೆ. ಕೊಳವೆ ಪ್ಯಾರಾಪೆಟ್ಟಿಗಿಂತ ಎತ್ತರವಿದ್ದರೂ ಸ್ಟೂಲು ಹಾಕಿಕೊಂಡರೆ ನನ್ನ ಕೈಗೆ ಎಟುಕುತ್ತದೆ. ನಟ್ಟು ಬಿಚ್ಚುವ ಸ್ಪ್ಯಾನರನ್ನು ಬಚ್ಚಲಿನ ಗೂಡಿನಲ್ಲಿ, ಸೀಗೆಪುಡಿ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದೇನೆ.