ಮಾರಿಕಣಿವೆಯ ಮಳೆಗೆ ಬೆಂಗಳೂರಿನ ಲೆಕ್ಕ

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಎದ್ದ ವಾಣಿವಿಲಾಸ ಸಾಗರದ ಕೆಲಸ ಮುಗಿದದ್ದು 1907ರಲ್ಲಿ. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಎರಡನೆಯ ಸಲ 2022ರಲ್ಲಿ. ಚಿತ್ರದುರ್ಗದ ಸೀಮೆಯ ಮಳೆ ಲೆಕ್ಕಕ್ಕೆ ಸುಲಭವಾಗಿ ಸಿಗುವಂಥದ್ದಲ್ಲ.

ಆದರೂ ಲೆಕ್ಕಕ್ಕೆ ಕೂತವರಿದ್ದರು. 1986ರಲ್ಲಿ, ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ, ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ಯು.ಎನ್. ಸಿನ್ಹಾ ಅವರ ತಂಡ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರನ್ನು ಕಟ್ಟಿ ನಿಲ್ಲಿಸಿತು. ಒಳಗಿದ್ದದ್ದು ಇಂಟೆಲ್‌ನ 8086 ಪ್ರೊಸೆಸರ್ ಮತ್ತು ಅದರ ಜೊತೆಗಾರ 8087, ಅಂಥ ನಾಲ್ಕು ಜೋಡಿ. ವಿಮಾನದ ಸುತ್ತ ಹರಿಯುವ ಗಾಳಿಯ ಲೆಕ್ಕಕ್ಕೆ ಹುಟ್ಟಿದ ಈ ಯಂತ್ರದ ಮುಂದಿನ ಪೀಳಿಗೆಗಳು ಮುಂಗಾರಿನ ಬೆನ್ನು ಹತ್ತಿದವು.

ಮುಂಗಾರಿನ ಮುನ್ಸೂಚನೆಗೆಂದು ದೆಹಲಿಗೆ ಅಮೆರಿಕದ ಕ್ರೇ ಎಕ್ಸ್‌-ಎಂಪಿ ಸೂಪರ್ ಕಂಪ್ಯೂಟರ್ ಬಂದಿತ್ತು. ಅದಕ್ಕಿಂತ ದೊಡ್ಡದನ್ನು ಕೊಡಲು ಅಮೆರಿಕ ಒಪ್ಪಿರಲಿಲ್ಲ. ದೆಹಲಿಯಲ್ಲಿ ಓಡುತ್ತಿದ್ದ ಟಿ-80 ಎಂಬ ಹವಾಮಾನ ಮಾದರಿಯನ್ನು ಎನ್‌ಎಎಲ್‌ನವರು 1990ರ ದಶಕದ ಮೊದಲ ವರ್ಷಗಳಲ್ಲಿ ಫ್ಲೋಸಾಲ್ವರ್ ಮೇಲೆ ಓಡಿಸಿದರು. ದೊಡ್ಡ ಯಂತ್ರ ಕೊಡದಿದ್ದರೇನು, ಸೋರ್ಸ್ ಕೋಡ್ ಕೈಯಲ್ಲಿತ್ತು. ಈ ಕಥೆಯಲ್ಲಿ ತೂಕದ ಸಂಗತಿ ಅದೇ.

ಕೋಡ್ ಕೈಯಲ್ಲಿದ್ದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಇಂಥ ಮಾದರಿಗಳು ಫೋರ್ಟ್ರಾನ್‌ನಲ್ಲಿದ್ದು, ಫೂರಿಯೆ ರೂಪಾಂತರದಂಥ ಲೆಕ್ಕಗಳಿಗೆ ಗಣಿತದ ಲೈಬ್ರರಿಗಳನ್ನು ನೆಚ್ಚಿಕೊಂಡಿರುತ್ತವೆ. ಒಂದು ಯಂತ್ರಕ್ಕೆ ಕಂಪೈಲ್ ಆದ ಲೈಬ್ರರಿ ಇನ್ನೊಂದು ಜಾತಿಯ ಯಂತ್ರದಲ್ಲಿ ಓಡದು. ಕ್ರೇ ದಶಮಾಂಶ ಸಂಖ್ಯೆಗಳನ್ನು ಬರೆದಿಡುವ ರೀತಿಯೇ ಬೇರೆ, ಇಂಟೆಲ್‌ನದೇ ಬೇರೆ. ಕೊನೆಯ ಅಂಕಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಹವಾಮಾನದ ಲೆಕ್ಕದಲ್ಲಿ ಅದು ದಿನ ಕಳೆದಂತೆ ಬೆಳೆಯುತ್ತ ಹೋಗುತ್ತದೆ.

1992ರಲ್ಲಿ ಹೊರಬಂದ ಲ್ಯಾಪ್ಯಾಕ್ ಎಂಬ ಮುಕ್ತ ಲೈಬ್ರರಿಯನ್ನೇ ನೋಡಬಹುದು. ಅದರ ಮೇಕ್ ಕಡತದಲ್ಲಿ ಯಾವ ಕಂಪೈಲರ್, ಯಾವ ಆಯ್ಕೆಗಳು ಎಂದು ಬರೆದುಕೊಟ್ಟು 'ಮೇಕ್' ಒತ್ತಿದರೆ ನೂರಾರು ಸಬ್‌ರುಟೀನ್‌ಗಳು ಒಂದೊಂದಾಗಿ ಕಂಪೈಲ್ ಆಗುತ್ತವೆ. ಎಲ್ಲ ಸುಸೂತ್ರ ಅನ್ನುವಷ್ಟರಲ್ಲಿ, ಲೈಬ್ರರಿಯನ್ನು ಪ್ರೋಗ್ರಾಂಗೆ ಜೋಡಿಸುವ ಲಿಂಕರ್ ತಕರಾರು ತೆಗೆಯುತ್ತದೆ: 'ಡಿಜಿಇಎಸ್‌ವಿ' ಸಿಗಲಿಲ್ಲ. ಸಮೀಕರಣ ಬಿಡಿಸುವ ಆ ರುಟೀನ್ ಅಲ್ಲೇ ಇರುತ್ತದೆ. ಅನೇಕ ಫೋರ್ಟ್ರಾನ್ ಕಂಪೈಲರ್‌ಗಳು ಹೆಸರಿನ ತುದಿಗೆ ಒಂದು ಅಂಡರ್‌ಸ್ಕೋರ್ ಅಂಟಿಸುತ್ತವೆ, ರುಟೀನನ್ನು ಕರೆಯುವ ಸಿ ಭಾಷೆಯ ಪ್ರೋಗ್ರಾಂ ಅದಿಲ್ಲದ ಹೆಸರನ್ನು ಹುಡುಕುತ್ತಿರುತ್ತದೆ. ಒಂದು ಗೆರೆಗಾಗಿ ಇಡೀ ಮಧ್ಯಾಹ್ನ ಕಳೆದವರು ಕಡಿಮೆಯೇನಲ್ಲ. ಅದು ಬಗೆಹರಿದರೂ ಪರೀಕ್ಷೆಗಳನ್ನು ಓಡಿಸದೆ ಉತ್ತರವನ್ನು ನಂಬುವಂತಿಲ್ಲ.

ಇಷ್ಟೆಲ್ಲ ಮಾಡಿದರೂ ಟಿ-80ರ ಕಣ್ಣಿಗೆ ಕಾಣುತ್ತಿದ್ದದ್ದು ಎಷ್ಟು? ಲೆಕ್ಕಕ್ಕೆಂದು ಅದು ನೆಲವನ್ನು ಹಂಚಿಕೊಳ್ಳುತ್ತಿದ್ದ ಒಂದೊಂದು ಚೌಕದ ಬದಿ ಸುಮಾರು 150 ಕಿಲೋಮೀಟರ್. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ಒಂದೇ ಚೌಕದಲ್ಲಿ ಅಡಗುವಷ್ಟು ದೊಡ್ಡದು. ಹೊಳಲ್ಕೆರೆಯ ಅಡಿಕೆ ತೋಟಕ್ಕೂ ಹಿರಿಯೂರಿನ ಒಣ ಹೊಲಕ್ಕೂ ಒಂದೇ ಮಳೆ ಎಂದರೆ ಅಲ್ಲಿನ ರೈತರು ನಕ್ಕಾರು.

ಈಗ ಹವಾಮಾನ ಇಲಾಖೆಯ ಮಾದರಿಗಳ ಚೌಕ 12 ಕಿಲೋಮೀಟರಿಗೂ ಅದಕ್ಕಿಂತ ಕೆಳಗೂ ಇಳಿದಿದೆ. ನಾಲ್ಕೂ ಊರುಗಳಿಗೆ ಬೇರೆ ಬೇರೆ ಚೌಕ ದಕ್ಕಿದೆ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಹವಾಮಾನ ವೀಕ್ಷಣಾಲಯವಿದೆ. ಅದೇ ಸಂಸ್ಥೆಯ ಬೆಂಗಳೂರಿನ ಆವರಣಕ್ಕೆ 2022ರಲ್ಲಿ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಸೂಪರ್ ಕಂಪ್ಯೂಟರ್ ಬಂತು. ಲ್ಯಾಪ್‌ಟಾಪ್‌ನಲ್ಲಿ ಒಂದೇ ಆದೇಶಕ್ಕೆ ಇಳಿಯುವ ಲೈಬ್ರರಿಯನ್ನು ಇಂಥ ಯಂತ್ರಗಳಲ್ಲಿ ಇಂದಿಗೂ ಸೋರ್ಸ್‌ನಿಂದಲೇ, ಆಯಾ ಪ್ರೊಸೆಸರ್‌ಗೆ ಹೊಂದಿಸಿ ಕಂಪೈಲ್ ಮಾಡುವುದು ವಾಡಿಕೆ.