‘ಬಿಡುಗಡೆ’ಯ ಅನಂತರ: ಅತ್ತಿಗುಪ್ಪೆಯ ವೃದ್ಧರೂ ಕೋವಿಡ್ಡಿನ ರೋಗಶೇಷವೂ

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ಬರೆಯುವವರಿಗೆ ಸರ್ಕಾರದ ಲೆಕ್ಕಪತ್ರಗಳೇ ಮುಖ್ಯ ಆಧಾರ. 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು ಮಲ್ಲೇಶ್ವರ, ಬಸವನಗುಡಿಗಳ ಬೆಳವಣಿಗೆಗೆ ಪ್ರೇರಕವಾದುದನ್ನು ನಾವು ಬಲ್ಲೆವು. 1918ರ ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನದಲ್ಲಿ ಉಂಟುಮಾಡಿದ ಪ್ರಾಣಹಾನಿಯನ್ನೂ ಬಲ್ಲೆವು. ಆದರೆ ಆ ಜ್ವರಗಳಿಂದ ಎದ್ದ ಮುದುಕರು ಮೊದಲಿನಂತೆ ನಡೆದಾಡಿದರೆ, ಇಲ್ಲವೆ ಮೂಲೆಹಿಡಿದರೆ ಎಂಬುದನ್ನು ಮರಣದ ಪಟ್ಟಿಗಳಿಂದ ತಿಳಿಯಲಾಗದು. ಕೋವಿಡ್ಡಿನ ವಿಷಯದಲ್ಲಿಯೂ ಇದೇ ಲೋಪವು ಘಟಿಸುವ ಸಂಭವವಿರುವುದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ವಿಜಯನಗರಕ್ಕೂ ದೀಪಾಂಜಲಿನಗರಕ್ಕೂ ನಡುವಣ ಅತ್ತಿಗುಪ್ಪೆಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಇದರ ನೆರೆಯ ಬಾಪೂಜಿನಗರ, ಪಾದರಾಯನಪುರಗಳು 2020ರ ಏಪ್ರಿಲಿನಲ್ಲಿ ಮುಚ್ಚಲ್ಪಟ್ಟವು. ಮಾರ್ಚಿಯಲ್ಲಿ ನಿಂತಿದ್ದ ಮೆಟ್ರೋ ಸೆಪ್ಟೆಂಬರ್ 7ರಂದು ಮತ್ತೆ ಓಡಿತು. 2021ರ ಮಾರ್ಚಿ 1ರಿಂದ ಅರವತ್ತು ದಾಟಿದವರಿಗೆ ಲಸಿಕೆ ದೊರೆಯತೊಡಗಿತು. ಏಪ್ರಿಲ್–ಮೇ ತಿಂಗಳುಗಳಲ್ಲಿ ಎರಡನೆಯ ಅಲೆ ನಗರವನ್ನು ತಲ್ಲಣಗೊಳಿಸಿತು. ಇವೆಲ್ಲಕ್ಕೂ ದಾಖಲೆಗಳುಂಟು. ಆರೋಗ್ಯ ಇಲಾಖೆಯ ದೈನಂದಿನ ಪ್ರಕಟಣೆಯಲ್ಲಿ ಹೊಸ ಪ್ರಕರಣ, ಸಕ್ರಿಯ ಪ್ರಕರಣ, ಬಿಡುಗಡೆ, ಮರಣ ಎಂಬ ವಿಭಾಗಗಳಿದ್ದವು. ‘ಬಿಡುಗಡೆ’ ಎಂಬುದು ಆಸ್ಪತ್ರೆಯಿಂದ ಬಿಡುಗಡೆಯೇ ಹೊರತು ರೋಗದಿಂದ ಬಿಡುಗಡೆಯೆಂದು ಭಾವಿಸತಕ್ಕದ್ದಲ್ಲ.

ರೋಗವು ಹೋದರೂ ಉಳಿಯುವ ಈ ಶೇಷಕ್ಕೆ ‘ಲಾಂಗ್ ಕೋವಿಡ್’ ಎಂಬ ಹೆಸರು 2020ರ ಮೇ ತಿಂಗಳಿನಲ್ಲಿ ಬಂದಿತು. ಅದನ್ನಿತ್ತವರು ವೈದ್ಯರಲ್ಲ, ತಾವೇ ರೋಗಿಯಾಗಿದ್ದ ಪುರಾತತ್ತ್ವಜ್ಞೆ ಎಲಿಸಾ ಪೆರೆಗೊ. ವಿಶ್ವ ಆರೋಗ್ಯ ಸಂಸ್ಥೆಯು ಅದರ ಲಕ್ಷಣವನ್ನು ನಿರೂಪಿಸಿದುದು 2021ರ ಅಕ್ಟೋಬರಿನಲ್ಲಿ: ಸೋಂಕು ತಗಲಿ ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೂ ಕಾಣುವ, ಎರಡು ತಿಂಗಳಾದರೂ ಇರುವ, ಬೇರೆ ಕಾರಣದಿಂದ ವಿವರಿಸಲಾಗದ ಆಯಾಸ, ಏದುಸಿರು, ಮರೆವು ಮೊದಲಾದವು. ವೃದ್ಧರಲ್ಲಿ ಇದನ್ನು ಗುರುತಿಸುವುದು ಕಷ್ಟ. ಹಾಸಿಗೆ ಹಿಡಿದ ಕೆಲವೇ ದಿನಗಳಲ್ಲಿ ಅವರ ಮಾಂಸಖಂಡಗಳು ಕುಗ್ಗುತ್ತವೆ. ಸಕ್ಕರೆ ರೋಗ, ರಕ್ತದೊತ್ತಡಗಳು ಮೊದಲೇ ಇರುತ್ತವೆ. ಮನೆಯವರು ‘ವಯಸ್ಸಾಯಿತು’ ಎಂದು ಸುಮ್ಮನಾಗುತ್ತಾರೆ. ವೃದ್ಧರೂ ಹಾಗೆಯೇ ನಂಬುತ್ತಾರೆ.

ಇದು ವಯಸ್ಸಿನ ಫಲವೊ ರೋಗದ ಫಲವೊ ಎಂಬ ಆಕ್ಷೇಪಣೆ ನ್ಯಾಯವಾದುದೇ. 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ದಾರಿ ತೋರಿಸುತ್ತದೆ. 2020ರಲ್ಲಿ ಸೋಂಕು ತಗಲಿದ, 65 ವರ್ಷ ಮೇಲ್ಪಟ್ಟ ಅಮೆರಿಕನ್ನರಲ್ಲಿ ನೂರಕ್ಕೆ 32 ಮಂದಿ ಹೊಸ ಅಥವಾ ಮುಂದುವರಿದ ತೊಂದರೆಗಾಗಿ ವೈದ್ಯರನ್ನು ಕಂಡಿದ್ದರು. ಸೋಂಕಿಲ್ಲದ ಹೋಲಿಕೆಯ ಗುಂಪಿಗಿಂತ ಇದು 11 ಅಧಿಕ. ಅಂದರೆ 21 ವಯಸ್ಸಿನ ಮತ್ತು ಇತರ ಕಾರಣಗಳ ಪಾಲು. ಉಳಿದ 11 ಕೋವಿಡ್ಡಿನ ಶೇಷ. ಈ ಅಂಕಿಗಳನ್ನು ಅತ್ತಿಗುಪ್ಪೆಗೆ ಹಾಗೆಯೇ ಅನ್ವಯಿಸಲಾಗದಾದರೂ ಹೋಲಿಕೆಯ ಕ್ರಮವು ಅನುಸರಣೀಯವೆಂದು ನಮ್ಮ ಅಭಿಪ್ರಾಯ.

ಎಣಿಸಬೇಕೆಂದರೆ ಎಣಿಸಬಹುದೆಂಬುದಕ್ಕೆ ನಮ್ಮಲ್ಲಿಯೇ ನಿದರ್ಶನವಿದೆ. ಕೋವಿಡ್ಡಿನ ಬೆನ್ನಿಗೇ, ವಿಶೇಷವಾಗಿ ಸಕ್ಕರೆ ರೋಗಿಗಳಲ್ಲಿ, ಕಂಡ ಕಪ್ಪು ಶಿಲೀಂಧ್ರವನ್ನು ಕರ್ನಾಟಕ ಸರ್ಕಾರವು 2021ರ ಮೇ ತಿಂಗಳಿನಲ್ಲಿ ಅಧಿಸೂಚಿತ ರೋಗವೆಂದು ಸಾರಿತು. ಆದುದರಿಂದ ಅದು ಲೆಕ್ಕಕ್ಕೆ ಬಂದಿತು. ಏದುಸಿರಿಗೆ ಆ ಭಾಗ್ಯವಿಲ್ಲ.

ಹೀಗಿರುವಲ್ಲಿ ಚರಿತ್ರಕಾರನ ಕರ್ತವ್ಯವೇನು? ಮನೆಮನೆಗಳಲ್ಲಿರುವ ಬಿಡುಗಡೆ ಪತ್ರ, ಔಷಧಿಚೀಟಿ, ಎಕ್ಸ್‌ರೇಗಳನ್ನು ಕಾಪಾಡುವಂತೆ ಕೋರಬೇಕು. ‘ಆರೋಗ್ಯವೇ’ ಎಂದು ಕೇಳುವುದರ ಬದಲು, ಎತ್ತರದ ಮೇಲಿರುವ ಅತ್ತಿಗುಪ್ಪೆ ನಿಲ್ದಾಣದ ಮೆಟ್ಟಿಲುಗಳನ್ನು 2020ಕ್ಕೆ ಮುಂಚೆ ಎಷ್ಟು ಸಲ ನಿಂತು ಹತ್ತುತ್ತಿದ್ದಿರಿ, ಈಗ ಎಷ್ಟು ಸಲ ಎಂದು ಕೇಳಬೇಕು. ಸೋಂಕು ತಗಲದವರು ಈಗ ವಿರಳವಾದುದರಿಂದ, ಅವರವರ ಹಿಂದಿನ ಸ್ಥಿತಿಯೊಂದೇ ಹೋಲಿಕೆಗೆ ಉಳಿದಿರುವ ಆಧಾರ.

ಈ ಕಾರ್ಯವನ್ನು ಮುಂದೂಡುವಂತಿಲ್ಲ. ಬೇರೆ ಘಟನೆಗಳ ಸಾಕ್ಷಿಗಳನ್ನು ಕಾಲವೊಂದೇ ಕುಂದಿಸುತ್ತದೆ. ಇಲ್ಲಿ ಸಾಕ್ಷಿಯ ನೆನಪನ್ನು ಆ ಘಟನೆಯೇ ಕುಂದಿಸಿರಬಹುದು. 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಿತವಾಯಿತು. ಬಿಡುಗಡೆ ಹೊಂದಿದವರೆಲ್ಲರ ಪಾಲಿಗೆ ಅದು ಮುಗಿದಿದೆಯೆ ಎಂಬುದನ್ನು, ಹೇಳಬಲ್ಲವರು ಇರುವಾಗಲೇ ಕೇಳಿ ಬರೆದಿಡುವುದು ಯುಕ್ತ.